ಸತ್ತರೆ ಐನೂರು ಡಾಲರ್, ಬದುಕಿದ್ದರೆ ಹತ್ತು ಲಕ್ಷ: ಲಮಕೇರಾ ಹಳ್ಳಿಯ ತೊರಕೆ ಲೆಕ್ಕ

2020ರ ಅಕ್ಟೋಬರಿನಲ್ಲಿ ಮಲ್ಪೆಯ ಬೋಟೊಂದರ ಬಲೆಗೆ ಎರಡು ಕೊಂಬು ತೊರಕೆ (ಇಂಗ್ಲಿಷಿನ ‘ಮಾಂಟಾ ರೇ’, ರೆಕ್ಕೆಯಂತೆ ಚಾಚಿದ ಚಪ್ಪಟೆ ಮೈಯ ದೊಡ್ಡ ಮೀನು) ಬಿದ್ದವು. ಒಂದು ಸುಮಾರು 750 ಕೆಜಿ, ಇನ್ನೊಂದು 250 ಕೆಜಿ. ಕ್ರೇನಿನಲ್ಲಿ ಎತ್ತುವ ಫೋಟೊ ಕರಾವಳಿಯ ಎಲ್ಲ ವಾಟ್ಸಾಪ್ ಗುಂಪುಗಳನ್ನೂ ಸುತ್ತಿತು. ನೋಡಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟಕ್ಕೆ ಹೋಯ್ತು?

ಸಹಜವಾದ ಪ್ರಶ್ನೆಯೇ. ಆದರೆ ತೊರಕೆಯ ವಿಷಯದಲ್ಲಿ ಇದಕ್ಕೆ ಉತ್ತರ ಹೇಳುವುದು ಕಷ್ಟ, ಏಕೆಂದರೆ ಇದರ ಬೆಲೆ ದಡದಿಂದ ದಡಕ್ಕೆ ಬೇರೆ. ನಮ್ಮಲ್ಲಿ ಅದು ಪುಳಿಮುಂಚಿ ಸಾರಿಗೋ ಒಣಮೀನಿಗೋ ಹೋಗುತ್ತಿದ್ದ ಅಗ್ಗದ ಮೀನು. ಚೀನಾದ ಗ್ವಾಂಗ್‌ಝೌ ಪೇಟೆಯಲ್ಲಿ ಅದರ ಕಿವಿರು ಔಷಧ. ಮಾಲ್ಡೀವ್ಸ್‌ನಲ್ಲಿ ಅದನ್ನು ಮುಟ್ಟುವಂತಿಲ್ಲ, ದುಡ್ಡು ಕೊಟ್ಟು ನೋಡಬೇಕು. ಒಂದೇ ಮೀನಿಗೆ ಇಷ್ಟು ಬೆಲೆಗಳಿದ್ದರೆ ಯಾವುದು ನಿಜವಾದದ್ದು, ಅದನ್ನು ಎಣಿಸಿಕೊಳ್ಳುವವರು ಯಾರು? ಇದನ್ನು ತಿಳಿಯಲು ನಾನು ಆರಿಸಿಕೊಂಡಿರುವುದು ಇಂಡೋನೇಷ್ಯಾದ ಲಮಕೇರಾ. ಕೊಂಬು ತೊರಕೆಯನ್ನೇ ಗುರಿಯಿಟ್ಟು ಬೇಟೆಯಾಡುತ್ತಿದ್ದ ಊರುಗಳಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದೆಂದು ಹೆಸರಾದ ಹಳ್ಳಿ ಅದು.

ಕಲ್ಲಿನ ದಡದ ಊರು

ಬಾಲಿಯಿಂದ ಪೂರ್ವಕ್ಕೆ ಫ್ಲೋರೆಸ್ ದ್ವೀಪ, ಅದನ್ನೂ ದಾಟಿದರೆ ಸೋಲೋರ್ ಎಂಬ ಸಣ್ಣ ದ್ವೀಪ. ಅದರ ಪೂರ್ವದ ತುದಿಯಲ್ಲಿ ಲಮಕೇರಾ. ಪೂರ್ವ ನೂಸಾ ತೆಂಗಾರಾ ಪ್ರಾಂತ್ಯದ ಈ ಭಾಗ ಒಣ ಸೀಮೆ. ಮಳೆ ಕಡಿಮೆ, ಮಣ್ಣು ತೆಳು. ಊರಿನವರು ಮುಸ್ಲಿಮರು, ತಲೆಮಾರುಗಳಿಂದ ಸಮುದ್ರವನ್ನೇ ನಂಬಿದವರು. ನೀರಿನಾಚೆಯ ಲೆಂಬಾಟಾ ದ್ವೀಪದಲ್ಲಿ ಲಮಲೇರಾ ಎಂಬ ಇನ್ನೊಂದು ಊರಿದೆ, ಅಲ್ಲಿನವರು ಕ್ಯಾಥೊಲಿಕರು. ಈಟಿ ಹಿಡಿದು ತಿಮಿಂಗಿಲ ಬೇಟೆಯಾಡುವುದರಲ್ಲಿ ಎರಡೂ ಊರುಗಳಿಗೆ ಹೆಸರಿತ್ತು. ಹಿಡಿದ ಮೀನನ್ನು ಒಣಗಿಸಿ ಬೆಟ್ಟದ ಮೇಲಿನ ಊರುಗಳಿಗೆ ಒಯ್ದು ಮೆಕ್ಕೆಜೋಳ ತರುವುದು ಇಲ್ಲಿನ ಹಳೆಯ ವ್ಯವಹಾರ. ತೊರಕೆಯ ಬೆಲೆಯನ್ನು ಆಗ ಜೋಳದ ತೆನೆಯಲ್ಲಿ ಎಣಿಸುತ್ತಿದ್ದರು.

ಬೇಟೆಯ ಕ್ರಮ ಹೇಳಲೇಬೇಕು. ದೋಣಿಯ ಮೂತಿಯಲ್ಲಿ ಒಬ್ಬ ನಿಂತಿರುತ್ತಾನೆ. ಕೈಯಲ್ಲಿ ಉದ್ದನೆಯ ಬಿದಿರು, ಅದರ ತುದಿಗೆ ಕಬ್ಬಿಣದ ಈಟಿ, ಈಟಿಗೆ ಹಗ್ಗ. ಮೇಲ್ನೀರಿನಲ್ಲಿ ಬಾಯ್ದೆರೆದು ಮೇಯುತ್ತಿರುವ ತೊರಕೆಯ ಕಪ್ಪು ನೆರಳು ಕಂಡೊಡನೆ ಅವನು ಈಟಿಯನ್ನು ಎಸೆದು ಸುಮ್ಮನಾಗುವುದಿಲ್ಲ, ಈಟಿಯೊಂದಿಗೆ ತಾನೂ ಜಿಗಿಯುತ್ತಾನೆ. ಮೈಭಾರವೆಲ್ಲ ಈಟಿಯ ಮೇಲೆ ಬೀಳಬೇಕು, ಇಲ್ಲದಿದ್ದರೆ ಆ ದಪ್ಪ ಚರ್ಮ ಸೀಳುವುದಿಲ್ಲ. ಆಮೇಲೆ ಮೀನು ದೋಣಿಯನ್ನು ಎಳೆದಾಡುತ್ತದೆ. ಏಳು ಮೀಟರ್ ಅಗಲದವರೆಗೂ ಬೆಳೆಯುವ ಜೀವ ಅದು; ರೆಕ್ಕೆ ಬಡಿತಕ್ಕೆ ಸಿಕ್ಕಿದವನು ಉಳಿದರೆ ಪುಣ್ಯ. ಹುಟ್ಟು, ಹಾಯಿಗಳ ಕಾಲದಲ್ಲಿ ಇಡೀ ಊರು ಸೇರಿ ವರ್ಷಕ್ಕೆ 200ರಿಂದ 300 ಕೊಂಬು ತೊರಕೆ ಹಿಡಿಯುತ್ತಿತ್ತು ಎಂಬ ಅಂದಾಜಿದೆ. ಸಮುದ್ರ ಅದನ್ನು ತಾಳಿಕೊಂಡಿತ್ತು ಎಂದೇ ಕಾಣುತ್ತದೆ.

ಕಿವಿರಿಗೆ ಬೆಲೆ ಬಂದಾಗ

1990ರ ದಶಕದಲ್ಲಿ ಎರಡು ಬದಲಾವಣೆ ಒಟ್ಟಿಗೇ ಬಂದವು. ದೋಣಿಗಳಿಗೆ ಎಂಜಿನ್ ಬಂತು. ಅದರ ಬೆನ್ನಿಗೇ ಹೊರಗಿನ ವ್ಯಾಪಾರಿಗಳು ಬಂದು ಮಾಂಸಕ್ಕಿಂತ ಕಿವಿರನ್ನೇ ಹೆಚ್ಚು ಕೇಳತೊಡಗಿದರು.

ಕೊಂಬು ತೊರಕೆ ಹಲ್ಲಿನಿಂದ ಕಚ್ಚಿ ತಿನ್ನುವ ಮೀನಲ್ಲ. ನೀರನ್ನು ಬಾಯಲ್ಲಿ ತೆಗೆದುಕೊಂಡು, ಕಿವಿರಿನ ಬಳಿಯ ಗರಿಗರಿಯಾದ ಪಟ್ಟಿಗಳಲ್ಲಿ ಸೋಸಿ, ನೀರಿನಲ್ಲಿ ತೇಲುವ ತೀರಾ ಸಣ್ಣ ಜೀವಿಗಳನ್ನು ಉಳಿಸಿಕೊಳ್ಳುತ್ತದೆ. ನಮ್ಮ ಮನೆಯ ಹಿಟ್ಟಿನ ಜರಡಿಯಂಥ ಏರ್ಪಾಡು. ಈ ಪಟ್ಟಿಗಳನ್ನು ಕತ್ತರಿಸಿ ಒಣಗಿಸಿದರೆ ಅದೇ ಚೀನಾದ ಪೇಟೆಯ ‘ಪೆಂಗ್ ಯು ಸಾಯ್’. ಅದನ್ನು ಸೂಪು ಮಾಡಿ ಕುಡಿದರೆ ರಕ್ತ ಶುದ್ಧವಾಗುತ್ತದೆ, ಮೈಯೊಳಗಿನ ನಂಜು ಹೋಗುತ್ತದೆ, ಮಕ್ಕಳ ಸಿಡುಬಿನಂಥ ಕಾಯಿಲೆಗೆ ಒಳ್ಳೆಯದು ಎಂದು ಮಾರುವವರು ಹೇಳುತ್ತಾರೆ. ನೀರನ್ನು ಸೋಸುವ ಅಂಗ ರಕ್ತವನ್ನೂ ಸೋಸೀತು ಎಂಬ ತರ್ಕ. ಚೀನೀ ವೈದ್ಯದ ಹಳೆಯ ಗ್ರಂಥಗಳಲ್ಲಿ ಇದಕ್ಕೆ ಗಟ್ಟಿ ಆಧಾರವಿಲ್ಲ. ಪೇಟೆಯಿಂದ ತಂದ ಮಾದರಿಗಳನ್ನು ಪರೀಕ್ಷಿಸಿದಾಗ ಆರ್ಸೆನಿಕ್, ಕ್ಯಾಡ್ಮಿಯಂ, ಸೀಸ ಸಿಕ್ಕಿವೆ. ನಂಜು ತೆಗೆಯುವ ಔಷಧದಲ್ಲೇ ನಂಜು!

ವ್ಯಾಪಾರಕ್ಕೆ ಇದರಿಂದ ತೊಂದರೆಯೇನೂ ಆಗಲಿಲ್ಲ. ಈ ವಹಿವಾಟಿನ ಹೆಚ್ಚುಕಡಿಮೆ ಎಲ್ಲವೂ ಗ್ವಾಂಗ್‌ಝೌ ಎಂಬ ಒಂದೇ ನಗರದಲ್ಲಿ ನಡೆಯುತ್ತಿತ್ತು. 2011ರ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 61,000 ಕೆಜಿ ಒಣ ಕಿವಿರು, ಮೌಲ್ಯ 1.13 ಕೋಟಿ ಡಾಲರ್. ದೊಡ್ಡ ಮೀನಿನ ಕಿವಿರಿಗೆ ಅಂಗಡಿಯಲ್ಲಿ ಕೆಜಿಗೆ 500 ಡಾಲರ್‌ವರೆಗೂ ಬೆಲೆ. 2013ರ ಹೊತ್ತಿಗೆ ಮಾರಾಟದ ತೂಕ ಸುಮಾರು ದುಪ್ಪಟ್ಟಾಗಿತ್ತು.

ಅತ್ತ ಲಮಕೇರಾದಲ್ಲಿ 2002ರಲ್ಲಿ ಒಬ್ಬ ಸಂಶೋಧಕಿ ಲೆಕ್ಕ ಹಾಕಿದಾಗ ಒಂದು ವರ್ಷದ ಹಿಡಿತ ಸುಮಾರು 1,500 ತೊರಕೆ. ಮುನ್ನೂರರಿಂದ ಸಾವಿರದೈನೂರಕ್ಕೆ. ಅದೇ ಊರು, ಅದೇ ಈಟಿ, ಅದೇ ಜಿಗಿತ. ಹೊಸದೆಂದರೆ ಎಂಜಿನ್ನು ಮತ್ತು ದಲ್ಲಾಳಿ.

ಹುಟ್ಟಿನ ಲೆಕ್ಕ

ಬಂಗುಡೆ ಒಂದು ಸಲಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಕೊಂಬು ತೊರಕೆ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಸುಮಾರು ಒಂದು ವರ್ಷದ ಬಸಿರು, ಸಾಮಾನ್ಯವಾಗಿ ಒಂದೇ ಮರಿ, ಮುಂದಿನ ಮರಿಗೆ ಎರಡರಿಂದ ಐದು ವರ್ಷದ ಅಂತರ. ಹೆಣ್ಣು ಮೀನು ಮರಿ ಹಾಕುವಷ್ಟು ಬೆಳೆಯಲು ಎಂಟು-ಹತ್ತು ವರ್ಷವಾದರೂ ಬೇಕು.

ಈಗ ಲಮಕೇರಾದ 1,500ನ್ನು ಇದರ ಪಕ್ಕ ಇಟ್ಟು ನೋಡಿ. ಪ್ರತಿ ಹೆಣ್ಣೂ ಮೂರು ವರ್ಷಕ್ಕೊಂದು ಮರಿ ಹಾಕುತ್ತದೆ, ಹುಟ್ಟಿದ ಒಂದು ಮರಿಯೂ ಸಾಯುವುದಿಲ್ಲ ಎಂದುಕೊಂಡರೂ ವರ್ಷಕ್ಕೆ ಸತ್ತ 1,500ರ ಜಾಗ ತುಂಬಲು ಬೆಳೆದ 4,500 ಹೆಣ್ಣುಗಳು ಬೇಕು. ಪ್ರತಿ ತೊರಕೆಯ ಹೊಟ್ಟೆಯ ಮೇಲೂ ನಮ್ಮ ಬೆರಳಚ್ಚಿನಂತೆ ಬೇರೆಬೇರೆ ಕಲೆಗಳಿರುವುದರಿಂದ ಅವುಗಳ ಫೋಟೊ ತೆಗೆದು ಒಂದೊಂದನ್ನೂ ಗುರುತಿಸಿ ಎಣಿಸಬಹುದು. ಹಾಗೆ ಎಣಿಸಿದ ಬಹುತೇಕ ಕಡೆ ಸಿಕ್ಕಿದ್ದು ಕೆಲವು ನೂರು. ಮಾಲ್ಡೀವ್ಸ್‌ನಂಥ ಕೆಲವೇ ಕಡೆ ಸಾವಿರಗಳ ಲೆಕ್ಕ; ಮಾಲ್ಡೀವ್ಸಿನದು ಬಂಡೆಸಾಲಿನ ಬಳಿ ವಾಸಿಸುವ ಸಣ್ಣ ಜಾತಿ. ಆಳ ಕಡಲಿನ ದೊಡ್ಡ ಜಾತಿಯೂ ಇದೂ ಬೇರೆಬೇರೆ ಎಂದು ವಿಜ್ಞಾನಿಗಳು ನಿಖರವಾಗಿ ಗುರುತಿಸಿದ್ದೇ 2009ರಲ್ಲಿ.

ಇಂಡೋನೇಷ್ಯಾದ ಮೂರು ಮುಖ್ಯ ತಾಣಗಳಲ್ಲಿ, ಅಂದರೆ ಲಮಕೇರಾ, ಲೊಂಬೋಕ್ ದ್ವೀಪದ ತಾಂಜುಂಗ್ ಲುವಾರ್ ಮತ್ತು ಜಾವಾದ ಚಿಲಚಾಪ್‌ನಲ್ಲಿ, ಹತ್ತು-ಹನ್ನೆರಡು ವರ್ಷಗಳ ನಂತರ ಮತ್ತೆ ಲೆಕ್ಕ ತೆಗೆದಾಗ ಕೊಂಬು ತೊರಕೆಯ ಹಿಡಿತ ಎಲ್ಲ ಕಡೆಯೂ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಬೇಟೆಗಾರರೇ ಹೇಳುತ್ತಿದ್ದರು: ಮೊದಲು ಊರೆದುರೇ ಸಿಗುತ್ತಿತ್ತು, ಈಗ ದೂರ ಹೋಗಬೇಕು. ಡೀಸೆಲ್ ಹೆಚ್ಚು, ಮೀನು ಕಡಿಮೆ. ಈ ಮಾತು ಮಲ್ಪೆಯ ದಕ್ಕೆಯಲ್ಲೂ ಬೋಟು ನಡೆಸುವ ಯಾವ ತಂಡೇಲರನ್ನು ಕೇಳಿದರೂ ಸಿಗುತ್ತದೆ, ಮೀನಿನ ಹೆಸರು ಮಾತ್ರ ಬೇರೆ.

ಬೇರೆ ದಡಗಳು

ಮಾಲ್ಡೀವ್ಸ್ ಈ ಮೀನಿನ ವಿಷಯದಲ್ಲಿ ಬೇಗ ಎಚ್ಚೆತ್ತ ದೇಶ. 1995ರಲ್ಲೇ ತೊರಕೆಯ ರಫ್ತನ್ನು ನಿಲ್ಲಿಸಿತು. 2006ರಿಂದ 2008ರ ನಡುವೆ ಮಾಡಿದ ಲೆಕ್ಕದಂತೆ, ಬರೀ ಕೊಂಬು ತೊರಕೆ ನೋಡಲೆಂದು ವರ್ಷಕ್ಕೆ 1,43,000ಕ್ಕೂ ಹೆಚ್ಚು ಡೈವ್‌ಗಳು ನಡೆಯುತ್ತಿದ್ದವು. ನೇರ ಆದಾಯ ವರ್ಷಕ್ಕೆ 81 ಲಕ್ಷ ಡಾಲರ್. ಬಾ ಎಂಬ ಹವಳದ್ವೀಪದ ಹನಿಫಾರು ಕೊಲ್ಲಿಯಲ್ಲಿ ಮುಂಗಾರಿನ ದಿನಗಳಲ್ಲಿ ನೂರಾರು ತೊರಕೆಗಳು ಒಟ್ಟಿಗೆ ಮೇಯುತ್ತವೆ. 2009ರಲ್ಲಿ ಅದು ರಕ್ಷಿತ ಪ್ರದೇಶವಾಯಿತು. ಆಮೇಲೆ ಅಲ್ಲಿ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನೂ ನಿಲ್ಲಿಸಿದರು. ಮೇಲ್ನೀರಿನಲ್ಲಿ ಈಜುತ್ತ ನೋಡಲು ಮಾತ್ರ ಅವಕಾಶ.

ಶ್ರೀಲಂಕಾದ ಕತೆ ಬೇರೆ. ಅಲ್ಲಿ ಇದನ್ನು ಹುಡುಕಿಕೊಂಡು ಹೋಗುವವರಿಲ್ಲ. ಟ್ಯೂನಾ ಮೀನಿಗೆಂದು ರಾತ್ರಿ ಬಿಡುವ ತೇಲುಬಲೆಗೆ ಇದೂ ಬೀಳುತ್ತದೆ. 2011ರ ಸುಮಾರಿಗೆ ನೆಗೊಂಬೊ, ಮಿರಿಸ್ಸದಂಥ ಬಂದರುಗಳಲ್ಲಿ ನಡೆದ ಸಮೀಕ್ಷೆ ವರ್ಷಕ್ಕೆ ಸುಮಾರು ಒಂದು ಸಾವಿರ ಕೊಂಬು ತೊರಕೆ, 55,000ದಷ್ಟು ಅದರ ಸಣ್ಣ ದಾಯಾದಿಗಳು ದಡಕ್ಕೆ ಬರುತ್ತವೆಂದು ಅಂದಾಜಿಸಿತು. ಮಾಂಸ ಅಗ್ಗ, ಕಿವಿರು ದುಬಾರಿ. ಅಕಸ್ಮಾತ್ ಬಿದ್ದದ್ದು ಎನ್ನುವುದು ನಿಜ. ಆದರೆ ಕಿವಿರಿಗೆ ಆ ಬೆಲೆ ಇರುವವರೆಗೆ ಅದನ್ನು ಬಲೆಯಿಂದ ಬಿಡಿಸಿ ಕಳಿಸಲು ಯಾರಿಗೆ ಮನಸ್ಸು ಬಂದೀತು?

ಕೊಂಬು ತೊರಕೆಯನ್ನು ಬಿಟ್ಟು ತೊರಕೆ ಕುಲವನ್ನೆಲ್ಲ ನೋಡಿದರೆ ಬೆಲೆಯ ಕತೆ ಇನ್ನೂ ವಿಚಿತ್ರ. ದಕ್ಷಿಣ ಕೊರಿಯಾದಲ್ಲಿ ಮೂತ್ರದ ವಾಸನೆ ಬರುವಷ್ಟು ಹುಳಿ ಹಿಡಿಸಿದ ‘ಹೊಂಗೊ’ ಮದುವೆ ಊಟದ ಘನತೆಯ ತಿನಿಸು. ಅದಕ್ಕೆ ಬೇಕಾದ ಮೀನಿನಲ್ಲಿ ಒಂದಷ್ಟು ದಕ್ಷಿಣ ಅಮೆರಿಕದ ತುದಿಯಿಂದ ಹೋಗುತ್ತದೆ. ಐಸ್‌ಲೆಂಡಿನವರು ಡಿಸೆಂಬರ್ 23ರಂದು ಇಂಥದ್ದೇ ನಾರುವ ಮೀನನ್ನು ತಿಂದು ಕ್ರಿಸ್ಮಸ್ ಶುರು ಮಾಡುತ್ತಾರೆ. ಜಪಾನಿನ ಖಡ್ಗದ ಹಿಡಿಗೆ ಸುತ್ತುತ್ತಿದ್ದದ್ದು ತೊರಕೆಯ ಚರ್ಮ. ನಮ್ಮ ಮಂಗಳೂರಿನ ಮಾರುಕಟ್ಟೆಯಲ್ಲಿ ಅಂಜಲ್ ಕೊಳ್ಳಲು ಆಗದವರು ತೊರಕೆ ಒಯ್ಯುತ್ತಿದ್ದರು. ಯಾವುದಕ್ಕೂ ಒಂದೇ ತಕ್ಕಡಿ ಸಾಲದು.

ಹತ್ತು ಲಕ್ಷದ ಮಾತು

2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಡೀ ಚರ್ಚೆಯ ದಿಕ್ಕನ್ನೇ ತಿರುಗಿಸಿತು. ಜಗತ್ತಿನಾದ್ಯಂತ ಕೊಂಬು ತೊರಕೆ ನೋಡಿಸುವ ಡೈವಿಂಗ್ ಸಂಸ್ಥೆಗಳ ನೇರ ಆದಾಯ ವರ್ಷಕ್ಕೆ 7.3 ಕೋಟಿ ಡಾಲರ್. ಊಟ, ವಸತಿ, ಓಡಾಟದ ಖರ್ಚು ಸೇರಿದರೆ 14 ಕೋಟಿ. ಇಂಡೋನೇಷ್ಯಾ ಒಂದರ ಪಾಲೇ ಸುಮಾರು 1.5 ಕೋಟಿ. ಒಂದು ಕೊಂಬು ತೊರಕೆ ಬದುಕಿದ್ದರೆ ಅದರ ಆಯುಷ್ಯದಲ್ಲಿ ಪ್ರವಾಸೋದ್ಯಮಕ್ಕೆ 10 ಲಕ್ಷ ಡಾಲರ್‌ವರೆಗೆ ತಂದುಕೊಡಬಲ್ಲದು, ಸತ್ತರೆ 40ರಿಂದ 500 ಡಾಲರ್ ಮಾತ್ರ ಎಂಬ ಮಾತು ಆಮೇಲೆ ಎಲ್ಲ ಭಾಷಣಗಳಲ್ಲೂ ಕೇಳಿಬಂತು.

ಲೆಕ್ಕ ಸುಳ್ಳಲ್ಲ. ಲಮಕೇರಾದ 1,500 ತೊರಕೆಗೂ ತಲಾ 500 ಡಾಲರ್ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಒಟ್ಟು ಏಳೂವರೆ ಲಕ್ಷ. ದೇಶದ ತೊರಕೆ ಪ್ರವಾಸೋದ್ಯಮದ ಇಪ್ಪತ್ತರಲ್ಲಿ ಒಂದು ಪಾಲು. ವರ್ಷಗಳು ಬೇರೆಬೇರೆಯಾದರೂ ಅನುಪಾತ ಅರ್ಥವಾಗುತ್ತದೆ. ಸರ್ಕಾರದ ಕುರ್ಚಿಯಲ್ಲಿ ಕೂತವರಿಗೆ ನಿರ್ಧಾರ ಸುಲಭ.

ಈ ಲೆಕ್ಕವನ್ನು ಮೊದಲು ಓದಿದಾಗ ನಾನೂ ತಲೆಯಾಡಿಸಿದ್ದೆ. ಆಮೇಲೆ ನಕ್ಷೆ ತೆಗೆದು ನೋಡಿದೆ. ಆ 1.5 ಕೋಟಿ ಬೀಳುವುದು ಬಾಲಿಯ ಪಕ್ಕದ ನೂಸಾ ಪೆನೀಡಾದಲ್ಲಿ, ಕೊಮೋಡೊದಲ್ಲಿ, ಪಪುವಾ ಕಡೆಯ ರಾಜಾ ಅಂಪತ್‌ನಲ್ಲಿ. ವಿಮಾನ ನಿಲ್ದಾಣ, ಹೋಟೆಲು, ಡೈವಿಂಗ್ ಅಂಗಡಿ ಇರುವ ಕಡೆ. ಲಮಕೇರಾದ ಎದುರಿನ ಜಲಸಂಧಿಯಲ್ಲಿ ಸೆಳೆತ ಜೋರು, ತೊರಕೆಗಳು ಹಾದುಹೋಗುತ್ತವೆ, ದಿನವೂ ಒಂದೇ ಬಂಡೆಯ ಬಳಿ ನಿಂತು ಪ್ರವಾಸಿಗರಿಗೆ ಮುಖ ತೋರಿಸುವುದಿಲ್ಲ. ಐನೂರು ಡಾಲರ್ ಸೋಲೋರಿನವನ ಜೇಬಿನಿಂದ ಹೋಗುತ್ತದೆ, ಹತ್ತು ಲಕ್ಷ ಬಾಲಿಯವನ ಗಲ್ಲಾಪೆಟ್ಟಿಗೆಗೆ ಬರುತ್ತದೆ. ಇಪ್ಪತ್ತು ಪಟ್ಟು ಲಾಭ ಎನ್ನುವಾಗ ಆ ಎರಡು ಜೇಬುಗಳನ್ನು ಒಂದೇ ಎಂದು ಎಣಿಸಿರುತ್ತಾರೆ. ಅಣೆಕಟ್ಟಿನಲ್ಲಿ ಮುಳುಗಿದ ಊರಿನವರಿಗೆ ನೀರಾವರಿಯ ಲಾಭದ ಅಂಕಿ ಓದಿ ಹೇಳಿದ ಹಾಗೆ.

ನಿಷೇಧ ಮತ್ತು ನಂತರ

2013ರ ಮಾರ್ಚಿನಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಸಮ್ಮೇಳನ ಕೊಂಬು ತೊರಕೆಯನ್ನು ಎರಡನೇ ಅನುಬಂಧಕ್ಕೆ ಸೇರಿಸಿತು. ಅಂದರೆ ಹಿಡಿಯುವುದರಿಂದ ಸಂತತಿಗೆ ಧಕ್ಕೆಯಿಲ್ಲ ಎಂದು ತೋರಿಸದೆ ಒಂದು ದೇಶ ಇನ್ನೊಂದಕ್ಕೆ ಮಾರುವಂತಿಲ್ಲ. 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಅದರ ಸಣ್ಣ ದಾಯಾದಿಗಳೂ ಸೇರಿದವು. ಇಂಡೋನೇಷ್ಯಾ ಅಷ್ಟಕ್ಕೆ ನಿಲ್ಲದೆ 2014ರ ಜನವರಿಯಲ್ಲಿ ಮೀನುಗಾರಿಕೆ ಸಚಿವರ ಆದೇಶದ ಮೂಲಕ ತನ್ನ ಇಡೀ ಸಮುದ್ರದಲ್ಲಿ ಎರಡೂ ಜಾತಿಯ ಕೊಂಬು ತೊರಕೆಯನ್ನು ಹಿಡಿಯುವುದನ್ನೂ ಮಾರುವುದನ್ನೂ ನಿಷೇಧಿಸಿತು. ಸುಮಾರು 60 ಲಕ್ಷ ಚದರ ಕಿಲೋಮೀಟರ್ ಸಮುದ್ರ!

ಜಕಾರ್ತಾದಲ್ಲಿ ಸಹಿ ಬಿದ್ದ ಮಾತ್ರಕ್ಕೆ ಲಮಕೇರಾದಲ್ಲಿ ಈಟಿ ಕೆಳಗಿಳಿಯಲಿಲ್ಲ. ಮುಂದಿನ ವರ್ಷಗಳಲ್ಲಿ ಎರಡು ಕಡೆಯಿಂದ ಕೆಲಸ ನಡೆಯಿತು. ಒಂದು ಕಡೆ ಪೊಲೀಸರು ಮತ್ತು ವನ್ಯಜೀವಿ ಅಪರಾಧ ತಡೆಯುವವರು ಕಿವಿರು ಕೊಳ್ಳುವ ವ್ಯಾಪಾರಿಗಳನ್ನು ಹಿಡಿದರು. ಇನ್ನೊಂದು ಕಡೆ ಮಿಸೂಲ್ ಪ್ರತಿಷ್ಠಾನದಂಥ ಸಮುದ್ರ ಸಂರಕ್ಷಣಾ ಸಂಸ್ಥೆಗಳು ಊರಲ್ಲೇ ನೆಲೆಯೂರಿ ಬೇರೆ ಮೀನಿನತ್ತ ತಿರುಗಲು ನೆರವಾದವು. ಗ್ವಾಂಗ್‌ಝೌನಲ್ಲೂ ಪ್ರಚಾರ ನಡೆದು, 2015ರ ಹೊತ್ತಿಗೆ ಅಲ್ಲಿನ ಮಾರಾಟ ಕುಸಿಯಿತು. ಕೆಲವು ವರ್ಷಗಳ ಬಳಿಕ ಈ ಪ್ರಯತ್ನವನ್ನು ಅಳೆದವರು ಲಮಕೇರಾದಲ್ಲಿ ಕೊಂಬು ತೊರಕೆಯ ಸಾವು ಮುಕ್ಕಾಲು ಪಾಲಿಗೂ ಹೆಚ್ಚು ಇಳಿದಿದೆ ಎಂದು ಬರೆದರು.

ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ಜೋಡಿ ಕೆಲಸ. ಬರೀ ಲಾಠಿ ಬಂದಿದ್ದರೆ ವ್ಯಾಪಾರ ರಾತ್ರಿಗೆ ಸರಿಯುತ್ತಿತ್ತು, ದಲ್ಲಾಳಿ ಬೆಲೆ ಇಳಿಸುತ್ತಿದ್ದ, ಊರು ಇನ್ನಷ್ಟು ಬಡವಾಗುತ್ತಿತ್ತು. ಬರೀ ನೆರವು ಬಂದಿದ್ದರೆ ಅದನ್ನೂ ತೆಗೆದುಕೊಂಡು ಈಟಿಯನ್ನೂ ಎಸೆಯುತ್ತಿದ್ದರು; ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಹಾಗೆಂದು ಹಳೆಯ ಆದಾಯವೆಲ್ಲ ಮರಳಿ ಸಿಕ್ಕಿತೆಂದು ನಾನು ಹೇಳುತ್ತಿಲ್ಲ. ಮೂತಿಯಲ್ಲಿ ನಿಂತು ಜಿಗಿಯುತ್ತಿದ್ದವನಿಗೆ ಊರಿನಲ್ಲಿದ್ದ ಸ್ಥಾನಕ್ಕೆ ಯಾವ ಯೋಜನೆಯಲ್ಲೂ ಪರಿಹಾರದ ಕಲಂ ಇಲ್ಲ.

ಮತ್ತೆ ನಮ್ಮ ದಡಕ್ಕೆ

ಮಲ್ಪೆಯಲ್ಲಿ ಆ ಎರಡು ತೊರಕೆ ಬಿದ್ದ 2020ರಲ್ಲಿ ಭಾರತದ ಕಾನೂನಿನಲ್ಲಿ ಅವುಗಳನ್ನು ಹಿಡಿಯುವುದು ಅಪರಾಧವಾಗಿರಲಿಲ್ಲ. 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ ಕೊಂಬು ತೊರಕೆ ಒಂದನೇ ಪರಿಚ್ಛೇದಕ್ಕೆ ಸೇರಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಹುಲಿಗೆ ಇರುವ ರಕ್ಷಣೆ ಈಗ ಅದಕ್ಕೂ ಇದೆ. 2025ರ ಕೊನೆಯಲ್ಲಿ ಸಮರ್ಕಂದ್‌ನಲ್ಲಿ ಸೇರಿದ ಸೈಟಿಸ್ ಸಮ್ಮೇಳನ ಇಡೀ ಕುಲವನ್ನು ಮೊದಲನೇ ಅನುಬಂಧಕ್ಕೆ ಏರಿಸಿ ಅಂತರರಾಷ್ಟ್ರೀಯ ವ್ಯಾಪಾರದ ಬಾಗಿಲನ್ನೇ ಮುಚ್ಚಲು ಒಪ್ಪಿತು.

ಸರಿ, ಇನ್ನು ಮುಂದೆ ಬಲೆಗೆ ಬಿದ್ದರೆ? ನಮ್ಮ ಮೀನುಗಾರರು ಲಮಕೇರಾದವರಂತೆ ಇದನ್ನು ಹುಡುಕಿ ಹೋಗುವವರಲ್ಲ. ಬೇರೆ ಮೀನಿಗೆ ಬಿಟ್ಟ ಬಲೆಗೆ ಇದು ಬರುತ್ತದೆ. ಮುಕ್ಕಾಲು ಟನ್ನಿನ ಮೀನನ್ನು ಜೀವಂತ ಬಿಡಬೇಕೆಂದರೆ ಸಾಮಾನ್ಯವಾಗಿ ಬಲೆಯನ್ನು ಕತ್ತರಿಸಬೇಕು. ಕತ್ತರಿಸಿದ ಬಲೆಯ ಜೊತೆ ಆ ದಿನದ ಉಳಿದ ಮೀನೂ ಹೋಗುತ್ತದೆ. ನಷ್ಟ ಬೋಟಿನವರದು. ಮೀನು ಹೋಗಿ ಲಕ್ಷದ್ವೀಪದಲ್ಲೋ ಮಾಲ್ಡೀವ್ಸ್‌ನಲ್ಲೋ ಯಾರಿಗೋ ಡಾಲರ್ ತರಬಹುದು.

ಇದಕ್ಕೆ ದಾರಿ ನಮ್ಮ ಪಕ್ಕದಲ್ಲೇ ಇದೆ. ಗುಜರಾತಿನ ವೆರಾವಲ್ ಕಡೆ ಒಂದು ಕಾಲದಲ್ಲಿ ತಿಮಿಂಗಿಲ ಶಾರ್ಕನ್ನು ಎಣ್ಣೆಗೂ ಮಾಂಸಕ್ಕೂ ಕೊಲ್ಲುತ್ತಿದ್ದರು. 2004ರಲ್ಲಿ ಶುರುವಾದ ಅಭಿಯಾನದಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು ಅದನ್ನು ತವರಿಗೆ ಬರುವ ಮಗಳು, ‘ವ್ಹಾಲಿ’, ಎಂದು ಕರೆದರು. ಮಗಳಿಗೆ ಈಟಿ ಎಸೆಯುವವರು ಯಾರು? ಆದರೆ ಮಾತಿನ ಜೊತೆಗೇ ಅರಣ್ಯ ಇಲಾಖೆ ಅದನ್ನು ಬಿಡಿಸಲು ಕತ್ತರಿಸಿದ ಬಲೆಗೆ ಪರಿಹಾರ ಕೊಡಲು ಶುರುಮಾಡಿತು. 2018ರ ಕೊನೆಯಲ್ಲಿ ಮಹಾರಾಷ್ಟ್ರವೂ ಅಂಥ ಯೋಜನೆ ತಂದಿತು: ರಕ್ಷಿತ ಜೀವಿಯನ್ನು ಬಲೆ ಕತ್ತರಿಸಿ ಬಿಟ್ಟ ಮೀನುಗಾರನಿಗೆ 25,000 ರೂಪಾಯಿವರೆಗೆ. ಬಿಟ್ಟದ್ದಕ್ಕೆ ಸಾಕ್ಷಿಯಾಗಿ ಫೋಟೊ ಅಥವಾ ವಿಡಿಯೊ ತೋರಿಸಬೇಕು.

25,000 ರೂಪಾಯಿ ಹತ್ತು ಲಕ್ಷ ಡಾಲರಿನ ಎದುರು ಏನೂ ಅಲ್ಲ. ಆದರೆ ಅದು ಬಲೆ ಕತ್ತರಿಸಿದವನ ಕೈಗೇ ಬರುತ್ತದೆ.